ಪೂರ್ತಿ ಪರೀಕ್ಷೆ

ಏನೂ ಹೇಳದೆ ಗುಂಡಿ ಒತ್ತಿದರೆ ಕಂಪ್ಯೂಟರ್ ಯಾವ ಪರೀಕ್ಷೆ ನಡೆಸಬೇಕು ಎಂಬುದೇ ಜಗಳ. 1988ರಲ್ಲಿ ಕೌಲ್ ಬಜಾರಿನಲ್ಲಿ ಮರಿಬಸಪ್ಪನವರು ಜಾತಕ ಕೂಡಿಸುವ ಕಂಪ್ಯೂಟರ್ ಅಂಗಡಿ ತೆರೆದಿದ್ದರು. ಪ್ರೋಗ್ರಾಂ ಬರೆದವನೂ ನಡೆಸುವವನೂ ಗವಿಸಿದ್ದಪ್ಪ ಒಬ್ಬನೇ. ಗುಣ ಎಣಿಸುವ ಮುನ್ನ ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು, ಜೋಯಿಸ ಮಲ್ಲಯ್ಯನವರು ಕೈಯಲ್ಲಿ ಲೆಕ್ಕ ಹಾಕಿದ್ದ ಇನ್ನೂರು ಜೋಡಿಗಳನ್ನು ಯಂತ್ರ ತಾಳೆ ನೋಡಬೇಕು. ಅದಕ್ಕೆ ಎರಡು ತಾಸು. ಹತ್ತೇ ಜೋಡಿಯಾದರೆ ಐದು ನಿಮಿಷ. ಪೂರ್ತಿ ಪರೀಕ್ಷೆ ಕೇಳಿದವರಿಗಷ್ಟೇ ಸಾಕು ಎಂದು ಗವಿಸಿದ್ದಪ್ಪ, ಎಲ್ಲರಿಗೂ ಬೇಕು ಎಂದು ಮರಿಬಸಪ್ಪ. ಒಂದು ದಿನ ಗವಿಸಿದ್ದಪ್ಪ ಹಟ ಹಿಡಿದು ಗೆದ್ದ. ಐದು ಹೆಣ್ಣಿನವರು ತನ್ನನ್ನು ಬೇಡವೆಂದ ಮೇಲೆ ಆರನೆಯ ಹೆಣ್ಣನ್ನು ನೋಡಲು ಅವನು ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಬೇಕಿತ್ತು.

ಹತ್ತು ಗಂಟೆಗೆ ಸಿರುಗುಪ್ಪದ ಎರ್ರಿಸ್ವಾಮಿ ಎಂಬ ಹಿರಿಯರು ಬಂದು ಎರಡು ಚೀಟಿ ಕೊಟ್ಟರು. ಸಂಜೆ ವರ ಮನೆಗೆ ಬರುವವನಿದ್ದಾನೆ, ಗುಣ ತಿಳಿಯದೆ ಮಗಳನ್ನು ತೋರಿಸುವುದಿಲ್ಲ ಎಂದರು. ಹುಡುಗನ ಹುಟ್ಟಿದ ದಿನ ಒತ್ತುತ್ತಿದ್ದ ಗವಿಸಿದ್ದಪ್ಪನ ಬೆರಳು ಕಾದ ಹೆಂಚು ಮುಟ್ಟಿದಂತೆ ಹಿಂದೆ ಸರಿಯಿತು. ಅದು ಅವನದೇ. ಚೀಟಿಯಲ್ಲಿ ಹೆಸರಿರಲಿಲ್ಲ. ಹುಡುಗ ದೊಡ್ಡ ಯಂತ್ರ ನೋಡಿಕೊಳ್ಳುತ್ತಾನೆ ಎಂದು ಸಂಬಂಧ ತಂದ ಚನ್ನವೀರಮ್ಮ ಹೇಳಿದ್ದರಿಂದ, ವರ ಯಾವುದೋ ಹತ್ತಿ ಮಿಲ್ಲಿನವನೆಂದು ಹಿರಿಯರು ತಿಳಿದಿದ್ದರು. ಬಾಯಿಬಿಟ್ಟರೆ ಕೈವಾಡ ಎಂದಾರೆಂದು ಅವನು ತುಟಿ ಹೊಲಿದುಕೊಂಡ.

ಹತ್ತು ಜೋಡಿಯ ಪರೀಕ್ಷೆ ಮುಗಿದು ಐದು ನಿಮಿಷಕ್ಕೆ ಮೂವತ್ತಾರಕ್ಕೆ ಮೂವತ್ತು ಗುಣ ಬಂತು. ಎರ್ರಿಸ್ವಾಮಿ ಕಾಗದ ಮುಟ್ಟಲಿಲ್ಲ.

“ಎಮ್ಮಿ ಕೊಳ್ಳಾಕ ಅರ್ಧ ದಿನ ನೋಡ್ತೀನಿ ತಮ್ಮಾ. ಇದು ಅಳಿಯನ ಸಮಾಚಾರ.”

ಮರಿಬಸಪ್ಪನವರ ಮುಖ ಹೊಸ ಬಲ್ಬಿನಂತೆ ಹೊತ್ತಿಕೊಂಡಿತು. ಪೂರ್ತಿ ಪರೀಕ್ಷೆ ಶುರುವಾಯಿತು. ನೂರ ತೊಂಬತ್ತನೆಯ ಜೋಡಿಗೆ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ. ಯಂತ್ರಕ್ಕೆ ಸೆಕೆಯಾದೀತೆಂದು ಪಕ್ಕದ ಸೈಕಲ್ ಅಂಗಡಿಯ ದುರುಗಪ್ಪ ಬೀಸಣಿಗೆ ಬೀಸಲು ಕುಳಿತ. ಬೀಸಣಿಗೆ ತಂತಿಗೆ ಸಿಕ್ಕಿ ಯಂತ್ರ ಆರಿತು; ಮತ್ತೆ ಮೊದಲಿನಿಂದ. ಮಧ್ಯಾಹ್ನದ ಬಸ್ಸು ಹೋಯಿತು. ಅದರ ನಂತರದ್ದೂ ಹೋಯಿತು.

ಸಂಜೆ ಐದಕ್ಕೆ ಇನ್ನೂರೂ ತಾಳೆಯಾದವು. ಗುಣ ಅದೇ ಮೂವತ್ತು. ಎರ್ರಿಸ್ವಾಮಿ ಕಾಗದವನ್ನು ಕಣ್ಣಿಗೊತ್ತಿಕೊಂಡು, ಪಾಪ, ವರ ಮನೆಯಲ್ಲಿ ಕಾದು ಕಾದು ಹೋಗಿರಬೇಕು ಎಂದು ಮರುಗಿದರು.

ಗವಿಸಿದ್ದಪ್ಪನಿಗೆ ಇನ್ನು ತಡೆಯಲಾಗಲಿಲ್ಲ. “ಎಲ್ಲೂ ಹೋಗಿಲ್ರಿ. ಆ ವರ ನಾನ.”

ಹಿರಿಯರು ಅವನನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು, ಕಾಗದವನ್ನು ಮೇಜಿನ ಮೇಲಿಟ್ಟರು.

“ಹುಡುಗ ಚಲೋ ಅದಾನ. ಆದ್ರ ತನ್ನ ಗುಣ ತಾನ ಎಣಿಸ್ಯಾನ. ಸಾಹುಕಾರ್ರ, ಬ್ಯಾರೆಯವ್ರ ಕೈಲೆ ಇನ್ನೊಮ್ಮೆ ಪೂರ್ತಿ ಮಾಡಸ್ರಿ.”

ಯಂತ್ರ ಗೊತ್ತಿದ್ದ ಬೇರೆಯವರು ಯಾರೂ ಇರಲಿಲ್ಲ. ತಾವೇ ಕಲಿಯುವುದಾಗಿ ಹೇಳಿ ಮರಿಬಸಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಮೊದಲ ಅಕ್ಷರ ಹುಡುಕುವಷ್ಟರಲ್ಲಿ ಎರಡು ಚಹಾ ಮುಗಿದವು.

“ಇವ್ರು ಕಲಿಯೋದ್ರಾಗ ವರ್ಷ ಆಗ್ತೈತ್ರಿ,” ಎಂದ ಗವಿಸಿದ್ದಪ್ಪ, ಅಳುವ ದನಿಯಲ್ಲಿ.

ಎರ್ರಿಸ್ವಾಮಿ ಅವನ ಬೆನ್ನು ತಟ್ಟಿದರು. “ಆಗ್ಲಿ ಬಿಡು ತಮ್ಮಾ. ಅಲ್ಲೀ ತನಕ ಬ್ಯಾರೆ ಹೆಣ್ಣು ನೋಡಾಕ ಹೋಗಂಗಿಲ್ಲ ನೀ. ಇಲ್ಲೇ ಕುಂತು ಇವ್ರಿಗೆ ಕಲಿಸ್ತಿರ್ತಿ.”