ಹಳದಿ ಬ್ಯಾಕ್ಟೀರಿಯಾಕ್ಕೆ ಹೆಸರಿಟ್ಟ ದಿನ

ಚಹಾ ಕುಡಿಯುವಾಗ ಬಾಯಿಬಿಟ್ಟದ್ದೇ ಬೇರಪ್ಪ ಮಾಡಿದ ತಪ್ಪು. ಕೃಷಿ ಸಂಶೋಧನಾ ಕೇಂದ್ರದಲ್ಲಿ ಹದಿನೇಳು ವರ್ಷದಿಂದ ಜೋಳದ ಬೇರಿಗಂಟಿದ ಮಣ್ಣನ್ನೇ ಕೆದಕುತ್ತಿದ್ದ ಅವನ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಕಂಡದ್ದಿಲ್ಲ.

“ಡಿಎನ್ಎ ವರದಿ ಬಂತು. ಜೋಳದ ಬೇರಲ್ಲಿ ಸಿಕ್ಕ ಆ ಹಳದಿ ಬ್ಯಾಕ್ಟೀರಿಯಾ ಹೊಸ ಜಾತಿಯಂತೆ. ಹೆಸರಿಡಬೇಕು,” ಎಂದ ಮೆಲ್ಲಗೆ.

ಮೆಲ್ಲಗೆ ಆಡಿದ ಮಾತಿಗೆ ಕಾಲು ಜಾಸ್ತಿ. ಅವನು ತನ್ನ ಮೇಜಿಗೆ ಮರಳುವಷ್ಟರಲ್ಲಿ ಉಗ್ರಾಣದವರು ಕಾದಿದ್ದರು.

“ಅದನ್ನ ಬೆಳೆಸೋಕೆ ಗಾಜಿನ ತಟ್ಟೆ ಕೊಟ್ಟೋನು ನಾನಲ್ವೇನಪ್ಪಾ? ನನ್ನ ಹೆಸರಿಟ್ರೆ ನಿನ್ನ ಗಂಟೇನು ಹೋಗುತ್ತೆ?”

“ಮೊದಲು ನೋಡಿದ ಕಣ್ಣು ನಂದು!” ಎಂದರು ಸೂಕ್ಷ್ಮದರ್ಶಕದ ಮೇಡಂ.

ಹನ್ನೊಂದಕ್ಕೆ ನಿರ್ದೇಶಕರೇ ಕರೆಸಿದರು. “ನಂಗೇನೂ ಆಸೆ ಇಲ್ಲಪ್ಪ. ನಮ್ಮತ್ತೆ ಕೇಳ್ತಿದ್ರು, ಅಳಿಯನ ಹೆಸರಲ್ಲಿ ಲೋಕದಲ್ಲಿ ಏನಾದ್ರೂ ಇದೆಯಾ ಅಂತ.”

ಬೇರಪ್ಪನಿಗೂ ಒಳಗೊಳಗೇ ಆಸೆ. ಆದರೆ ಕಂಡುಹಿಡಿದವನೇ ತನ್ನ ಹೆಸರಿಡುವುದು ಆ ವಿದ್ಯೆಯಲ್ಲಿ ಮರ್ಯಾದೆಯಲ್ಲ. ಮಧ್ಯಾಹ್ನದ ಸಭೆಯಲ್ಲಿ ಮೂವರೂ ಕಿತ್ತಾಡುತ್ತಿದ್ದರೆ, ಅವನು ಮದುವೆ ಗಲಾಟೆಯಲ್ಲಿ ಮರೆತುಹೋದ ಮದುಮಗನಂತೆ ಮೂಲೆಯಲ್ಲಿ ಕುಳಿತಿದ್ದ.

ಆಗ ಹಸಿರುಮನೆಯ ಮಾಲಿ ಕುಂಡವೊಂದನ್ನು ಹಿಡಿದು ಒಳಬಂದ. ನಾಲ್ಕಡಿ ದೂರಕ್ಕೇ ನಾತ ಹೊಡೆಯುತ್ತಿತ್ತು.

“ಸಾರ್, ಎರಡು ವಾರದ ಹಿಂದೆ ಆ ಹಳದಿದನ್ನ ಹಾಕಿದ ಕುಂಡಗಳಲ್ಲಿ ಒಂದು ಸಸಿನೂ ಉಳಿದಿಲ್ಲ. ಬೇರುಗಳೆಲ್ಲ ಕೊಳೆತು ಲೋಳೆ ಆಗಿವೆ. ಹಾಕದೇ ಇರೋ ಕುಂಡಗಳು ಮಾತ್ರ ನಳನಳಿಸ್ತಿವೆ.”

ಉಗ್ರಾಣದವರಿಗೆ ಬೀಗ ಹಾಕದೆ ಬಂದದ್ದು ನೆನಪಾಯಿತು. ಮೇಡಂ ಕನ್ನಡಕ ಒರೆಸುತ್ತ, “ನಾನು ಸುಮ್ಮನೆ ಹಾಗೇ ಇಣುಕಿದ್ದೆ ಅಷ್ಟೆ,” ಎಂದರು.

ನಿರ್ದೇಶಕರು ಮೂಗು ಮುಚ್ಚಿಕೊಂಡೇ ಎದ್ದು ಬೇರಪ್ಪನ ಬೆನ್ನು ತಟ್ಟಿದರು. “ಕಷ್ಟ ಯಾರದೋ, ಕೀರ್ತಿ ಅವರಿಗೇ ಸಲ್ಲಬೇಕು. ನಿಮ್ಮ ಹೆಸರೇ ಇರಲಿ.”

“ಅಯ್ಯೋ ಸಾರ್, ನನ್ನ ಹೆಸರು ನಾನೇ ಇಡೋ ಹಾಗಿಲ್ಲ…”

“ನೀವೆಲ್ಲಿ ಇಡ್ತಿದೀರಿ? ನಾವೆಲ್ಲ ಸೇರಿ ಇಡ್ತಿದೀವಿ!”

ಚಪ್ಪಾಳೆಯೂ ಬಿತ್ತು. ಎಷ್ಟಾದರೂ ಹೆಸರು ಹೆಸರೇ ಎಂದು ಬೇರಪ್ಪ ಸಮಾಧಾನ ಮಾಡಿಕೊಂಡ. ಸಂಜೆ ಹೊರಡುವಾಗ ಸೂಚನಾಫಲಕದ ಮುಂದೆ ಜನ ಸೇರಿದ್ದರು. ಹೊಸ ಆದೇಶದ ಶಾಯಿ ಇನ್ನೂ ಆರಿರಲಿಲ್ಲ:

“ಬೇರಪ್ಪನನ್ನು ಬೇರುಸಮೇತ ನಿರ್ಮೂಲ ಮಾಡುವ ಯೋಜನೆ. ಮುಖ್ಯಸ್ಥರು: ಶ್ರೀ ಬೇರಪ್ಪ.”