ತೊಳೆದು ಕೊಟ್ಟ ಫೋನು

ಹೇವರ್ಡ್ ಊರಿನ ನಮ್ಮ ಕಂಪನಿ ಈಚೆಗೆ ಒಂದು ದೊಡ್ಡ ಕೇಸು ಗೆದ್ದಿತು. ಗೆಲ್ಲಿಸಿದವನು ನಾನೇ ಎಂದು ಯಾರ ಎದುರಿಗಾದರೂ ಎದೆ ತಟ್ಟಿ ಹೇಳಬಲ್ಲೆ, ನನ್ನ ಹೆಂಡತಿ ವೀಣಾ ಒಬ್ಬಳನ್ನು ಬಿಟ್ಟು.

ನಾನು ರೂಪಿಸಿದ ಹೊಸ ವಾಲ್ವು ತಮ್ಮಿಂದ ಕದ್ದದ್ದು ಎಂದು ಇನ್ನೊಂದು ಕಂಪನಿ ಕೋರ್ಟಿಗೆ ಹೋಗಿತ್ತು. ವಾಲ್ವಿನ ಮೊಟ್ಟಮೊದಲ ಫೋಟೋ ಇದ್ದದ್ದು ನನ್ನ ಸ್ವಂತ ಫೋನಿನಲ್ಲಿ. ಫೋನನ್ನು ಇದ್ದ ಹಾಗೆಯೇ ತಂದೊಪ್ಪಿಸಿ, ಏನನ್ನೂ ಅಳಿಸಬೇಡಿ ಎಂದು ಆಫೀಸಿನ ಲಾಯರಮ್ಮ ಮೇಲ್ ಕಳಿಸಿದರು. ಮೇಲು ಎರಡು ಪುಟವಿತ್ತು. ನಾನು ಓದಿದ್ದು ನಾಲ್ಕು ಸಾಲು.

ನಾನೋ ಮರ್ಯಾದಸ್ಥರ ಮನೆಯವನು. ಯಾರಿಗೆ ಏನು ಕೊಟ್ಟರೂ ತೊಳೆದು ಒರೆಸಿ ಕೊಟ್ಟು ಅಭ್ಯಾಸ. ಗೆಳೆಯರ ಹತ್ತಿರ ಮ್ಯಾನೇಜರನ್ನು ಬೈದುಕೊಂಡ ಮೆಸೇಜುಗಳಿಂದ ಶುರು ಮಾಡಿದೆ. ಆಮೇಲೆ ಕೈ ನಿಲ್ಲಲಿಲ್ಲ, ಫೋಟೋಗಳೂ ಹೋದವು. ಬ್ಯಾಕಪ್ಪನ್ನೂ ಬಿಡಲಿಲ್ಲ, ಮಾಡಿದರೆ ಪೂರ್ತಿ ಮಾಡಬೇಕು. "ನಿಮಗೆ ತೊಂದರೆ ಆಗದಿರಲಿ ಅಂತ ಎಲ್ಲ ಕ್ಲೀನ್ ಮಾಡಿದೀನಿ" ಎಂದು ಹೆಮ್ಮೆಯಿಂದ ಒಪ್ಪಿಸಿದೆ.

ಲಾಯರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಸಾಕ್ಷಿನಾಶ, ಕೇಸೂ ಹೋಗಬಹುದು, ನಿಮ್ಮ ಕೆಲಸವೂ ಹೋಗಬಹುದು ಎಂದರು.

ಯೂನಿಯನ್ ಸಿಟಿಯ ಮನೆಗೆ ಬಂದು ನಡೆದದ್ದನ್ನೆಲ್ಲ ವೀಣಾಳಿಗೆ ಹೇಳಿದೆ. ನಿಜಕ್ಕೂ ಹೆದರಿದ್ದೆ.

"ರೀ, ಪಕ್ಕದ ಮನೆ ಡಬ್ಬಿನೇ ಯಾರೂ ಖಾಲಿ ವಾಪಸ್ ಕೊಡಲ್ಲ. ನೀವು ಕೋರ್ಟಿಗೆ ಖಾಲಿ ಫೋನ್ ಕೊಟ್ರಾ?" ಎಂದಳು ವೀಣಾ. ಆಮೇಲೆ ತನ್ನ ಫೋನು ತೆಗೆದಳು. ಅದರಲ್ಲಿ ಅವಳು ಈವರೆಗೆ ಏನನ್ನೂ ಅಳಿಸಿದವಳಲ್ಲ. ಅದಕ್ಕಾಗಿ ನನ್ನಿಂದ ಬೈಸಿಕೊಂಡಿದ್ದೂ ಉಂಟು. ಹುಡುಕಿ ಹುಡುಕಿ, "ನಿಮ್ಮ ವಾಲ್ವು ಅಂದ್ರೆ ಇದೇನಾ?" ಎಂದಳು.

ಅದೇ! ವಾಲ್ವು ತಯಾರಾದ ದಿನವೇ ಜಂಬ ಕೊಚ್ಚಿಕೊಳ್ಳಲು ಅವಳಿಗೆ ಕಳಿಸಿದ್ದೆ. ತಾರೀಖು, ಸಮಯ ಎಲ್ಲ ಸ್ಪಷ್ಟವಾಗಿತ್ತು. ಕೆಳಗೆ ಅವಳ ಉತ್ತರ: "ಚೆನ್ನಾಗಿದೆ. ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ."

ಎದುರು ಪಕ್ಷದ ಲಾಯರು ಸುಮ್ಮನೆ ಬಿಡುತ್ತಾರೆಯೇ? ವೀಣಾಳಿಂದ ಪ್ರಮಾಣ ಮಾಡಿಸಿ, ಈ ಕೊತ್ತಂಬರಿ ಸೊಪ್ಪು ನಿಮ್ಮಿಬ್ಬರ ನಡುವಿನ ಗುಪ್ತ ಸಂಕೇತವೇ ಎಂದು ಕೇಳಿದರು.

"ಅಲ್ಲ, ಸೊಪ್ಪೇ. ಅವತ್ತೂ ತರಲಿಲ್ಲ ಇವರು" ಎಂದಳು.

ಅಂಥ ಸಾಕ್ಷಿಯನ್ನು ಯಾರು ಅನುಮಾನಿಸಿಯಾರು? ಕೇಸು ಗೆದ್ದೆವು. ನನ್ನ ಕೆಲಸ ಉಳಿಯಿತು.

ಗೆದ್ದ ಖುಷಿಗೆ ಬರುವ ಶನಿವಾರ ಕಂಪನಿಯವರು ಭರ್ಜರಿ ಊಟ ಇಟ್ಟುಕೊಂಡಿದ್ದಾರೆ. ಆಹ್ವಾನ ಬಂದಿರುವುದು ವೀಣಾಳ ಹೆಸರಿಗೆ; ಜೊತೆಗೆ ಯಾರಾದರೂ ಒಬ್ಬರನ್ನು ಕರೆತರಬಹುದಂತೆ. ನಾನು ಆಗಲೇ ಶರಟು ಇಸ್ತ್ರಿ ಮಾಡಿಟ್ಟುಕೊಂಡಿದ್ದೇನೆ. ಅವಳು ಇನ್ನೂ ಯೋಚಿಸುತ್ತಿದ್ದಾಳೆ.