ಕಾಲು ಸೆಕೆಂಡಿನ ತಡ

ನನ್ನ ಕೆಲಸದ ಬಗ್ಗೆ ನನಗೆ ನಾಚಿಕೆಯಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳುತ್ತಿರುವುದು ಧೈರ್ಯ ಹೆಚ್ಚಾಗಿ ಅಲ್ಲ. ತಡವಾಗಿ ಹೇಳಿ ಅನುಭವಿಸಿದ್ದೇನೆ, ಅದಕ್ಕೆ. ಉದ್ಯೋಗಗಳಲ್ಲಿ ಮರ್ಯಾದೆಯದು, ಮರ್ಯಾದೆಯಿಲ್ಲದ್ದು ಎಂದು ಎರಡು ಜಾತಿ ಇವೆ ಎಂದು ನಮ್ಮವರು ನಂಬುತ್ತಾರೆ. ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಬೀದಿಯಲ್ಲೇ ಕ್ಷಿಪಣಿಗೆ ಸಾಫ್ಟ್‌ವೇರ್ ಬರೆಯುವವರೊಬ್ಬರಿದ್ದಾರೆ. ಸತ್ಯನಾರಾಯಣ ಪೂಜೆಗೆ ಎಲ್ಲರೂ ಅವರನ್ನೇ ಮೊದಲು ಕರೆಯುತ್ತಾರೆ. ನಾನು ದುಡಿಯುವುದು ವಯಸ್ಕರು ಬಾಗಿಲು ಹಾಕಿಕೊಂಡು ಬಳಸುವ ಆಟಿಕೆಗಳ ಕಂಪನಿಗೆ. ನಮ್ಮ ಸರಕಿನಿಂದ ಈವರೆಗೆ ಯಾರೂ ಸತ್ತಿಲ್ಲ.

ಹಳೆಯ ಕಂಪನಿ ನನ್ನನ್ನು ಕೈಬಿಟ್ಟಾಗ, ಬೇರೆ ಕೆಲಸ ಹುಡುಕಿ ವೀಸಾ ಉಳಿಸಿಕೊಳ್ಳಲು ಅರವತ್ತು ದಿನ ಇತ್ತು. ಐವತ್ತೆರಡನೆಯ ದಿನ ಕೈಹಿಡಿದದ್ದು ಒಂಬತ್ತು ಜನರ ಈ ಪುಟ್ಟ ಕಂಪನಿ. ಮನೆಯಿಂದಲೇ ಟೆಸ್ಟಿಂಗ್ ಕೆಲಸ. ಗಿರಾಕಿ ವಿ.ಆರ್. ಕನ್ನಡಕ ಹಾಕಿಕೊಂಡು ಆ ಬಗೆಯ ವಿಡಿಯೊ ನೋಡುತ್ತಾನೆ ಅಥವಾ ನೋಡುತ್ತಾಳೆ. ಅಲ್ಲಿ ನಡೆಯುವುದಕ್ಕೆ ಸರಿಯಾಗಿ ಇಲ್ಲಿ ಆಟಿಕೆ ಮಿಡಿಯಬೇಕು. ಮಿಡಿಯುತ್ತಿತ್ತು, ಆದರೆ ಕಾಲು ಸೆಕೆಂಡು ತಡವಾಗಿ. ಕಾಲು ಸೆಕೆಂಡು ಏನು ಮಹಾ ಎನ್ನುವವರು ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗುವ ಡಬ್ಬಿಂಗ್ ಸಿನಿಮಾ ನೋಡಿರಲಿಕ್ಕಿಲ್ಲ. ಅಲ್ಲಾದರೆ ಕಿವಿಗೆ ಮಾತ್ರ ಕಿರಿಕಿರಿ.

ತಡವನ್ನು ಸರಿಪಡಿಸಲು ಆ್ಯಪಿನಲ್ಲಿ ಒಂದು ಸ್ಲೈಡರ್ ಇತ್ತು. ಅದನ್ನು ಸರಿಸಿದರೆ ಐದು ನಿಮಿಷ ಎಲ್ಲ ಚೆನ್ನ. ಹತ್ತನೆಯ ನಿಮಿಷಕ್ಕೆ ಮತ್ತೆ ತಡ. ಇನ್ನಷ್ಟು ಸರಿಸಿದರೆ, ವಿಡಿಯೊದವರು ಇನ್ನೂ ಕೈಕುಲುಕಿ ಪರಿಚಯ ಹೇಳಿಕೊಳ್ಳುತ್ತಿರುವಾಗಲೇ ಆಟಿಕೆ ಕೆಲಸ ಶುರುಮಾಡಿರುತ್ತಿತ್ತು. ಊಟದ ಮೇಜಿನ ಮೇಲೆ ಬೋರಲು ಹಾಕಿದ ಇಡ್ಲಿ ಕುಕ್ಕರಿಗೆ ಕನ್ನಡಕ ತೊಡಿಸಿ, ಆಟಿಕೆಗೆ ಸೆನ್ಸರ್ ಕಟ್ಟಿ, ಮೂರು ವಾರ ಅಂಕಿ ಬರೆದುಕೊಂಡೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಪ್ರಾಜೆಕ್ಟ್ ನಿಲ್ಲುತ್ತದೆ ಎಂದು ಮ್ಯಾನೇಜರ್ ಹೇಳಿದಳು. ಪ್ರಾಜೆಕ್ಟ್ ನಿಂತರೆ ನಾನು ಮತ್ತೆ ಅರವತ್ತು ದಿನ ಎಣಿಸಬೇಕು.

ಆಗ ಮನೆಯಲ್ಲಿ ಅಮ್ಮ ಇದ್ದಳು. ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿ ನಿವೃತ್ತಳಾದವಳು, ಆರು ತಿಂಗಳಿಗೆಂದು ಬಂದಿದ್ದಳು. ಆಟಿಕೆಯನ್ನು ಫಿಸಿಯೋಥೆರಪಿಯ ಉಪಕರಣ ಎಂದು ಅವಳಿಗೆ ಹೇಳಿ, ಅದಕ್ಕೆ ಆಕಾರ ಕಾಣದಿರಲೆಂದು ನೀಲಿ ಕಾಲುಚೀಲ ತೊಡಿಸಿದ್ದೆ. ಬುಧವಾರ ಬೆಳಿಗ್ಗೆ ಕಾಫಿ ತಂದಿಟ್ಟು ನನ್ನ ಪುಸ್ತಕ ನೋಡಿದಳು.

"ಇಷ್ಟೊಂದು ಅಂಕಿ ಬರ್ದಿದೀಯ, ಗ್ರಾಫ್ ಹಾಕಿಲ್ವಲ್ಲೇ ಸುಮಾ?"

ಅಂಗಡಿಯವರು ಕಳಿಸಿದ ಜಾಹೀರಾತಿನ ಹಿಂಬದಿಯಲ್ಲಿ ಅವಳೇ ಚುಕ್ಕಿಗಳನ್ನಿಟ್ಟು ಗೆರೆ ಎಳೆದಳು. "ನೋಡು, ತಡ ಒಂದೇ ಸಮ ಇಲ್ಲ. ನಿಮಿಷ ಕಳೆದ ಹಾಗೆ ಬೆಳೀತಾ ಇದೆ. ನೀನು ಬರೀ ಒಂದು ಸಂಖ್ಯೆ ಕಳೀತಾ ಕೂತಿದೀಯ. ಇದು ಕಳೆಯೋ ಲೆಕ್ಕ ಅಲ್ಲ ಕಣೇ, ಗುಣಿಸೋ ಲೆಕ್ಕ. ಎರಡು ಗಡಿಯಾರ ಇದ್ದು ಒಂದು ನಿಧಾನ ಓಡಿದ ಹಾಗೆ."

ಹಾಗೆಯೇ ಆಗಿತ್ತು. ಕನ್ನಡಕದ ಗಡಿಯಾರಕ್ಕಿಂತ ಆಟಿಕೆಯ ಗಡಿಯಾರ ಕೂದಲೆಳೆಯಷ್ಟು ನಿಧಾನ. ಇಪ್ಪತ್ತೆರಡು ವರ್ಷದ ಅನುಭವವಿರುವ ನನಗೆ ಹೊಳೆಯದ್ದು ಅಮ್ಮನಿಗೆ ಕಾಫಿ ಆರುವುದರೊಳಗೆ ಹೊಳೆದಿತ್ತು. ಅವಳ ಗುಣಿಸುವ ಲೆಕ್ಕವನ್ನು ಆ್ಯಪಿಗೆ ಸೇರಿಸಿದೆವು, ಮಧ್ಯಾಹ್ನದ ಹೊತ್ತಿಗೆ ತಡ ಮಾಯವಾಯಿತು. ಮ್ಯಾನೇಜರ್ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಎರಡೂ ಕೈ ಜೋಡಿಸಿದಳು.

"ಅಷ್ಟು ಖುಷಿ ಪಡ್ತಾಳಲ್ಲ, ಇದು ಯಾವ ನೋವಿಗೆ ಹಾಕೋದು?" ಎಂದಳು ಅಮ್ಮ.

ಲೆಕ್ಕ ಬಿಡಿಸಿಕೊಟ್ಟವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಹೇಳಿದೆ. ಅಮ್ಮ ಆಟಿಕೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅಪ್ಪ ಹೋಗಿ ಹದಿನಾಲ್ಕು ವರ್ಷವಾಗಿತ್ತು.

"ಒಂಟಿಯಾಗಿರೋರಿಗೆ ಉಪಯೋಗ ಆಗುತ್ತಾ?"

"ಆಗುತ್ತಮ್ಮ."

"ಮತ್ತೆ ಕಾಲುಚೀಲ ಯಾಕೆ ಹಾಕಿದೀಯ? ರೀಡಿಂಗ್ ತಪ್ಪು ಬರಲ್ವಾ?"

ಆ ಭಾನುವಾರ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ಕ್ಯಾಂಟೀನಿನಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷ ನಾಗೇಂದ್ರ ಸಿಕ್ಕಿದರು. ಸಂಘದ ವಾರ್ಷಿಕ ಸಂಚಿಕೆಗೆ ನಾನೇ ಸಂಪಾದಕಿ.

"ಟೈಮ್ ಹೇಗೆ ಪಾಸ್ ಮಾಡ್ತೀರ ಆಂಟಿ?" ಎಂದು ಕೇಳಿದರು.

"ಮಗಳ ಕಂಪನಿಗೆ ಒಂದು ಲೆಕ್ಕ ಬಿಡಿಸಿಕೊಟ್ಟೆ," ಎಂದ ಅಮ್ಮ, ಯಾವ ಕಂಪನಿ, ಯಾವ ಲೆಕ್ಕ ಎಂಬುದನ್ನು ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ವಿವರಿಸಿದಳು. ನಾಗೇಂದ್ರರ ಕೈಯಲ್ಲಿದ್ದ ದೋಸೆಯ ತುಂಡು ಬಾಯಿಯ ದಾರಿ ಮರೆತು ನಿಂತಿತು. ಅವರು ನನ್ನ ಮುಖ ನೋಡಿದರು. ನಾನು, "ಹೌದು, ಈಗ ಸರಿಯಾಗಿ ಕೆಲಸ ಮಾಡ್ತಿದೆ," ಎಂದೆ.

ವಾರದೊಳಗೆ ಪತ್ರ ಬಂತು: 'ಕಾರಣಾಂತರಗಳಿಂದ ತಮ್ಮನ್ನು ಸಂಪಾದಕ ಸ್ಥಾನದಿಂದ ಬಿಡುಗಡೆ ಮಾಡಲಾಗಿದೆ.' ನಾನು ಅದನ್ನು ಒಪ್ಪದೆ ಹಿಂದಿರುಗಿಸಿದೆ. ಕಾರಣ ಏನೆಂದು ಸ್ಪಷ್ಟವಾಗಿ ಬರೆಯಿರಿ, ಕನ್ನಡ ಸಂಘವಾದ್ದರಿಂದ ಕನ್ನಡದಲ್ಲೇ ಬರೆಯಿರಿ ಎಂದೆ. ಎರಡನೆಯ ಪತ್ರದಲ್ಲಿ 'ತಮ್ಮ ಉದ್ಯೋಗದ ಸ್ವರೂಪ' ಎಂದಿತ್ತು. ಸ್ವರೂಪ ತಿಳಿಸಿ ಎಂದೆ. ಅಷ್ಟಕ್ಕೆ ನಾಗೇಂದ್ರ ಫೋನ್ ಮಾಡಿದರು.

"ಕಮಿಟಿಯಲ್ಲಿ ಎಲ್ರೂ ಟ್ರೈ ಮಾಡಿದ್ವಿ ಮೇಡಂ, ಆ ಐಟಂಗೆ ಡೀಸೆಂಟಾಗಿ ಕನ್ನಡದಲ್ಲಿ ಏನಂತಾರೆ ಗೊತ್ತಾಗ್ತಿಲ್ಲ. ನೀವೇ ಎಡಿಟರ್ ಅಲ್ವಾ, ಸ್ವಲ್ಪ ಹೆಲ್ಪ್ ಮಾಡಿ."

"ನನ್ನನ್ನು ತೆಗೆಯೋಕೆ ನಾನೇ ಪದ ಹುಡುಕಿ ಕೊಡ್ಬೇಕಾ? ಆಗಲ್ಲ," ಎಂದು ಫೋನಿಟ್ಟೆ. ಪದ ಸಿಗುವವರೆಗೆ ಕುರ್ಚಿ ನನ್ನದೇ ಎಂದು ಬೀಗಿದೆ. ಅಮ್ಮ ಆ ದಿನ ಹೋಳಿಗೆ ಮಾಡಿದಳು.

ಮೂರನೆಯ ಪತ್ರದ ಕರಡು ಬಂತು. ಅದರಲ್ಲಿ 'ಅಸಬ್ಯ ಯಂತ್ರ' ಎಂದು ಬರೆದಿದ್ದರು. ಅಸಭ್ಯ ಎಂದದ್ದನ್ನು ಹೇಗೋ ಸಹಿಸುತ್ತಿದ್ದೆ. ಮಹಾಪ್ರಾಣ ಬಿಟ್ಟದ್ದನ್ನು ಹೇಗೆ ಸಹಿಸಲಿ? ಕೈ ತಾನಾಗಿಯೇ ಕೆಂಪು ಪೆನ್ನು ಹಿಡಿಯಿತು. ಆ ಎರಡು ಪದ ಹೊಡೆದುಹಾಕಿ ಮೇಲೆ 'ಸುಖೋಪಕರಣ' ಎಂದು ಬರೆದೆ. ಸುಖ, ಉಪಕರಣ, ಗುಣಸಂಧಿ. ಅದರ ಅಂದ ನೋಡುತ್ತ, ಉಳಿದ ಏಳು ತಪ್ಪುಗಳನ್ನೂ ತಿದ್ದಿ, ಯೋಚಿಸುವುದರೊಳಗೆ ಫೋಟೊ ತೆಗೆದು ಕಳಿಸಿಬಿಟ್ಟಿದ್ದೆ.

ಮರುದಿನವೇ ಸಹಿ, ಮೊಹರಿನೊಂದಿಗೆ ಪತ್ರ ಬಂತು. ಸಂಪಾದಕ ಸ್ಥಾನ ಹೋಯಿತು. ಆದರೆ ನಮ್ಮ ಸಂಘದಿಂದ ಒಂದೂ ತಪ್ಪಿಲ್ಲದೆ ಹೊರಬಿದ್ದ ಮೊದಲ ಕನ್ನಡ ಪತ್ರ ಅದು. ಕಟ್ಟು ಹಾಕಿಸಿ ಮುಂಬಾಗಿಲಿನ ಎದುರಿಗೇ ತೂಗುಹಾಕಿದ್ದೇನೆ. ಬಂದವರು ಓದಲಿ.